ಅಚ್ಚಿನ ಉಸಿರು

ಮೊದಲು ಮೇಲಿನ ಬಿರಡೆ, ಬ್ಯಾರ್ಕಿ.
ಕೆಳಗಿನದಕ್ಕೆ ಕೈ ಹಾಕಬೇಡ ಇನ್ನೂ.
ತುಂಬುವ ಬಾಯಿ ತೆರೆಯುತ್ತದೋ ಇಲ್ಲವೋ ನೋಡದೆ
ಇದ್ದದ್ದನ್ನೆಲ್ಲ ಬಸಿದುಬಿಟ್ಟವರು
ಈ ಕಣಿವೆಯಲ್ಲಿ ಬೇಕಾದಷ್ಟಿದ್ದಾರೆ.
ನಿಮ್ಮಪ್ಪನೇ ಒಬ್ಬ:
ಮೂರು ದಿನ ಖಾಲಿ ಅಚ್ಚಿನ ಮೇಲೆ ಕೂತಿತ್ತು ಗಾಡಿ,
ತುಕ್ಕು ಹಿಡಿದ ಬಿರಡೆ ಜಗ್ಗದೆ, ಬಗ್ಗದೆ.
ಅಷ್ಟರಲ್ಲಿ ಹಿಮ ಬಿತ್ತು.
ಮೇಲಿನ ಬೆಟ್ಟದಲ್ಲಿ ಹನ್ನೊಂದು ಕುರಿ.

ತಗೋ, ಇಪ್ಪತ್ತನಾಲ್ಕರ ಸ್ಪ್ಯಾನರು. ಮೈಭಾರ ಹಾಕು.
ಕಿರ್ರ್ ಅಂತು. ಆಯಿತು.
ಈಗ ಕೆಳಗಿನದು. ಮುಖ ಆಚೆ ತಿರುಗಿಸು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಮಾತಿನಲ್ಲಿ ಚೆಂದ,
ಗಾಡಿಯಡಿ ಅಂಗಾತ ಬಿದ್ದವರಿಗಲ್ಲ.
ನಾರುತ್ತದೆ, ಹೌದು. ಗಂಧಕ.
ನಮ್ಮ ನಲ್ಲಿಯ ಬಿಸಿನೀರೂ ಹೀಗೇ ನಾರುತ್ತದೆ,
ನಿನ್ನ ಮೊದಲ ಸ್ನಾನ ಅದರಲ್ಲೇ. ಮೂಗು ಮುರಿಯಬೇಡ.

ಮೊಸರಿನ ಹಳೇ ಬಕೆಟ್ಟು ಇಟ್ಟಿದ್ದೆವು.
ಬಿದ್ದದ್ದು ಕಪ್ಪಲ್ಲ, ಜೇನಿನ ಬಣ್ಣವೂ ಅಲ್ಲ.
ಹಾಲು ಹೆಚ್ಚಾದ ಕಾಫಿ.
ಅಲ್ಲ, ಬಕೆಟ್ಟಿಗೆ ಒಪ್ಪುವ ಮಜ್ಜಿಗೆ.

"ಹೊಳೆಗೆ ಇಳಿದೇ ಇಲ್ಲ ಅತ್ತೆ, ಈ ತಿಂಗಳು"
ಎಂದಿದ್ದೆ ನೀನು ಬೆಳಗ್ಗೆ, ಲೋಟ ಕಲಕುತ್ತ.

ನಾನು ಬೆರಳದ್ದಿ ಉಜ್ಜಿ ನೋಡಿದೆ.
ಹಿಟ್ಟಿನಂಥ ಹುಡಿ. ಹಿಮನದಿ ಅರೆದ ಬಂಡೆ.
ಮಳೆನೀರಲ್ಲಿ ಇದಿರುವುದಿಲ್ಲ,
ಕೊಟ್ಟಿಗೆ ತೊಳೆದ ನೀರಲ್ಲೂ ಇಲ್ಲ.
ಹೊಳೆಯೊಂದರಲ್ಲೇ ಇರುವುದು.
ಹೊಳೆಯ ಆಚೆ ದಡದಲ್ಲಿ ಚಾರಣಿಗರ ಗುಡಿಸಲು,
ಅದರ ಕೀಲಿ ಈ ಬೇಸಿಗೆ
ಉನ್ನೂರ್ ಎಂಬವಳ ಸೊಂಟದಲ್ಲಿ.

ನಾನೇನೂ ಕೇಳಲಿಲ್ಲ.
ಅಯಸ್ಕಾಂತದ ಬಿರಡೆ ಒರೆಸಿ ತೋರಿಸಿದೆ:
ಈ ಬೂದು ತುಪ್ಪಳ ಸವೆತ, ವಯಸ್ಸು. ಹೆದರಬೇಡ.
ಹಲ್ಲಿನ ಚೂರು ಸಿಕ್ಕರೆ ಹೆದರು.
ಸಿಗಲಿಲ್ಲ.

ಡಬ್ಬಿಯ ಬೆನ್ನು ಓದು, ಬೆಲೆಯನ್ನಲ್ಲ.
ಎಪ್ಪತ್ತೈದು, ತೊಂಬತ್ತು: ಮೊದಲಿನದು ಜನವರಿಯ ಮುಂಜಾವಿಗೆ,
ಎರಡನೆಯದು ಕಪ್ಪು ಮರಳು ಏರುವ ಮಧ್ಯಾಹ್ನಕ್ಕೆ.
ಎರಡೂ ಹವೆಗೆ ಒಗ್ಗುವ ಗಂಡಸು
ಈ ಸೀಮೆಯಲ್ಲಿ ನನಗೆ ಸಿಗಲಿಲ್ಲ, ಎಣ್ಣೆ ಸಿಗುತ್ತದೆ.
ಐದು ಅಂತ ಬರೆದದ್ದು ಅಚ್ಚಿಗೆ, ನಾಲ್ಕು ಗೇರ್‌ಬಾಕ್ಸಿಗೆ.
ಅದಲುಬದಲಾದರೆ ಒಳಗಿನ ಹಿತ್ತಾಳೆ ಉಂಗುರಗಳನ್ನು
ಐದು ಮೆಲ್ಲಗೆ ತಿಂದುಹಾಕುತ್ತದೆ.
ಎರಡೂ ಒಂದೇ ಅನ್ನುತ್ತಾನೆ ರೇಕ್ಯಾವಿಕ್‌ನ ಅಂಗಡಿ ಹುಡುಗ.
ಅವನು ಡಾಂಬರಿನ ಮೇಲೆ ಬದುಕಿದವನು.

ಮೊದಲು ಅಗ್ಗದ್ದು ಸುರಿ. ಹೊಲದ ಸುತ್ತ ಓಡಿಸಿ
ಮತ್ತೆ ಬಸಿ. ಅದೂ ಬಿಳಿಚು. ಇನ್ನೊಮ್ಮೆ.
ಮೂರನೆಯ ಸಲ
ಎಣ್ಣೆ ಎಣ್ಣೆಯ ಬಣ್ಣಕ್ಕೆ ಬಂತು.
ಕಿರುಬೆರಳು ಹಾಕಿ ನೋಡು,
ತುಂಬಿದರೆ ತಾನೇ ತುಳುಕಿ ಹೇಳುತ್ತದೆ.
ವಾಷರು ಹೊಸದೇ ಹಾಕು, ಜಿಪುಣತನ ಬೇಡ.

ಇನ್ನು ನೀರು ಹೇಗೆ ಹೊಕ್ಕಿತು ಅನ್ನುವುದು.
(ಹೊಳೆಗೆ ಇಳಿದೇ ಇಲ್ಲವಲ್ಲ ನೀನು,
ಸುಮ್ಮನೆ ತಿಳಿದಿರಲಿ.)
ಅಚ್ಚಿಗೊಂದು ಮೂಗಿದೆ, ನೋಡು, ಈ ಸಣ್ಣ ಕೊಳವೆ.
ಮೂವತ್ತು ಕಿಲೋಮೀಟರು ಅವಸರದಲ್ಲಿ ಓಡಿಬಂದು
ಕಾದ ಮೈಯಲ್ಲಿ ಹಿಮದ ನೀರಿಗೆ ಧುಮುಕಿದರೆ
ಒಳಗಿನ ಗಾಳಿ ಗಕ್ಕನೆ ಕುಗ್ಗಿ
ಅಚ್ಚು ಒಂದು ಉಸಿರು ಎಳೆದುಕೊಳ್ಳುತ್ತದೆ.
ಆ ಒಂದು ಉಸಿರಿಗೆ
ಹೊಳೆ ಒಳಗೆ.

ನಿಮಗೆ ಹೇಗೆ ಗೊತ್ತು ಅಂದೆ ನೀನು.

ಎಪ್ಪತ್ತೊಂಬತ್ತರಲ್ಲಿ ನಮ್ಮದು ರಶ್ಯದ ಜೀಪು.
ಆಗ ಆಚೆ ದಡದಲ್ಲಿ ಗುಡಿಸಲಿರಲಿಲ್ಲ,
ಸೇತುವೆ ಕಟ್ಟಲು ಬಂದವರ ಡೇರೆಗಳಿದ್ದವು.
ಸೇತುವೆ ಆಗಲಿಲ್ಲ.
ಎಣ್ಣೆ ಮಾತ್ರ ಬಿಳಿಯಾಯಿತು.

ನೀಲಿ ಕೊಳವೆ ಎರಡು ಮೀಟರು ಕತ್ತರಿಸಿ
ಮೂಗಿಗೆ ಸಿಕ್ಕಿಸಿ, ಚಾಸಿಯುದ್ದಕ್ಕೂ ಕಟ್ಟಿ,
ಹಿಂದಿನ ದೀಪದ ಪಕ್ಕ ಎದೆಯೆತ್ತರಕ್ಕೆ ತಂದು ನಿಲ್ಲಿಸಿದೆವು.
ನಿನ್ನ ಕಿವಿ ಕೆಂಪಗಿತ್ತು. ಚಳಿಗೆ, ಅಂದುಕೊಳ್ಳೋಣ.

ಸಂಜೆ ನೀರು ಏರುತ್ತದೆ,
ಬೆಳಗಿನ ನಾಲ್ಕಕ್ಕೆ ಇಳಿದಿರುತ್ತದೆ.
ದಡದಲ್ಲಿ ಇಂಜಿನು ಆರಿಸಿ ಕಾಲು ಗಂಟೆ ಕೂರು.
ಸೀಟಿನಡಿಯ ಡಬ್ಬಿಯಲ್ಲಿ ಒಣಮೀನಿದೆ,
ಇಬ್ಬರಿಗೆ ಆಗುತ್ತದೆ.
ಈಗ ಏಳು, ಆ ಮಜ್ಜಿಗೆ ಬಕೆಟ್ಟು
ನಿಮ್ಮಪ್ಪನ ಕಣ್ಣಿಗೆ ಬೀಳುವ ಮೊದಲು
ಮುಚ್ಚಿ ಆಚೆ ಇಡು.